ತೊಳೆಯದ ಕುಂಚ

ನಮ್ಮೂರಿನಲ್ಲಿ ಮಗುವಿಗೆ ಹೆಸರಿಡುವುದು ಏಳು ವರ್ಷ ತುಂಬಿದ ವಸಂತದಲ್ಲಿ. ಅಲ್ಲಿಯವರೆಗೆ ಅದು ಬರೀ ಮಗು. ಮೊದಲು ಅದರ ಹೂ ಅರಳಬೇಕು, ಹೂವನ್ನು ಓದಬೇಕು, ಆಮೇಲೆ ಹೆಸರು, ಆಮೇಲೆ ಮನೆ. ಅಷ್ಟರ ತನಕ ಮಗು ಉಣ್ಣುತ್ತದೆ, ಮಲಗುತ್ತದೆ, ಹಟ ಮಾಡಿ ಬೈಸಿಕೊಳ್ಳುತ್ತದೆ, ಆದರೆ ನಿಯಮದ ಪ್ರಕಾರ ಅದು ಅತಿಥಿ.

ಹೂ ಅಂದರೆ ಬಾಗುಹೂ. ಹಿಮ ಕರಗುವ ತಿಂಗಳಲ್ಲಿ ಗಡ್ಡೆಯಿಂದ ಒಂದೇ ಕಾಂಡ ಮೇಲೇಳುತ್ತದೆ. ಅದರ ತುದಿಯಲ್ಲಿ ಒಂದೇ ಹೂ, ಗಂಟೆಯಂತೆ ನೆಲ ನೋಡುತ್ತ ತೂಗುತ್ತದೆ. ಎಸಳುಗಳ ಮೇಲೆ ಚೌಕುಳಿ ಗುರುತು, ಕೂತು ಅಳತೆ ಹಿಡಿದು ನೇಯ್ದಷ್ಟು ನೇರ. ಪ್ರತಿ ಮನೆಗೂ ಅದರದೇ ಬಾಗುಹೂ, ಅದರದೇ ಬಣ್ಣ. ಮಗು ಹುಟ್ಟಿದ ಮೊದಲ ವಸಂತದಲ್ಲಿ, ತಾಯಿ ತವರಿನಿಂದ ತಂದ ಹೂವಿಗೆ ತಂದೆಯ ಮನೆಯ ಹೂವಿನ ಪರಾಗ ಕೂಡಿಸಬೇಕು. ಒಂದು ಮಗುವಿಗೆ ಒಂದೇ ಕೂಡಿಕೆ, ಎರಡನೆಯದಿಲ್ಲ. ಕಾಯಿ ಒಣಗಿ ಒಡೆದಾಗ ಬೀಜಗಳು ಹಪ್ಪಳ ಒಟ್ಟಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒಂದನ್ನು ಆರಿಸಿ ಬಿತ್ತುತ್ತೇವೆ, ಉಳಿದದ್ದು ಗಾಳಿಗೆ. ಆರು ವರ್ಷ ಬರೀ ಎಲೆ. ಏಳನೆಯ ವರ್ಷ ಹೂ.

ಚೌಕ ತಾಯಿಯದು, ಬಣ್ಣ ತಂದೆಯದು. ಎರಡೂ ಕಂಡರೆ ಮಗು ಊರಿನದು. ಎರಡರಲ್ಲಿ ಒಂದು ಕಾಣದಿದ್ದರೆ, ಹೂ ಉದುರುವ ಒಂಬತ್ತನೆಯ ದಿನ ಗಡ್ಡೆಯನ್ನು ಕಿತ್ತು ಕುದಿಯುವ ನೀರಿಗೆ ಹಾಕುತ್ತಾರೆ, ಮಗು ಊರ ಕೆಳಬಾಗಿಲು ದಾಟಿ ಇಳಿದು ಹೋಗುತ್ತದೆ. ಕೆಳಬಾಗಿಲಿನಾಚೆ ಏನಿದೆ ಎಂದು ಕೇಳಬೇಡಿ. ಮಂಜು ಇದೆ. ಇಳಿದು ಹೋದವರು ಹತ್ತಿ ಬಂದು ಹೇಳಿದ್ದಿಲ್ಲ.

ನಾನು ಕೂಡಿಸುವವಳು. ಊರಿಗೆ ಒಬ್ಬಳೇ. ಮೊಗ್ಗು ಬಿರಿಯುವ ಮುಂಚಿನ ದಿನ ಉಗುರಿನಿಂದ ಅದರ ಬಾಯಿ ಬಿಡಿಸಿ, ಒಳಗಿನ ಆರು ಕೇಸರಗಳನ್ನು ಕಿತ್ತು, ತೆಳುಬಟ್ಟೆಯ ಚೀಲ ಕಟ್ಟುತ್ತೇನೆ. ಮೂರನೆಯ ದಿನ ಚೀಲ ಬಿಚ್ಚಿ ಅಳಿಲಿನ ಕೂದಲಿನ ಕುಂಚದಿಂದ ತಂದೆಯ ಮನೆಯ ಪರಾಗ ಸವರುತ್ತೇನೆ. ಮತ್ತೆ ಚೀಲ, ಮತ್ತೆ ಕೆಂಪು ದಾರ. ಕುಂಚವನ್ನು ಬಟ್ಟಲ ನೀರಿನಲ್ಲಿ ಮೂರು ಸಲ ತೊಳೆಯುತ್ತೇನೆ. ಆಮೇಲೆ ಮುಂದಿನ ಮನೆ.

ಏಳು ವರ್ಷದ ನಂತರ ಬರುವವನು ಓದುವವನು. ಊರಿಗೆಲ್ಲ ದೊಡ್ಡ ಮನುಷ್ಯ, ಬಿಳಿ ಗಡ್ಡ, ಬಿಳಿ ಶಾಲು. ಬಾಗುಹೂವಿನ ಒಳಗು ನೋಡಬೇಕೆಂದರೆ ನೆಲಕ್ಕೆ ಬೆನ್ನು ಹಚ್ಚಿ ಅಂಗಾತ ಮಲಗಬೇಕು. ಹಾಗಾಗಿ ನಮ್ಮೂರಿನ ಅತಿ ಗಂಭೀರ ಗಳಿಗೆಯಲ್ಲಿ ನಮ್ಮೂರಿನ ಅತಿ ಗಂಭೀರ ಮನುಷ್ಯ ಕೆಸರಿನಲ್ಲಿ ಮಲಗಿರುತ್ತಾನೆ. ಯಾರಿಗೂ ನಗು ಬರುವುದಿಲ್ಲ. ನನಗೆ ಬರುತ್ತಿತ್ತು, ಚಿಕ್ಕವಳಿದ್ದಾಗ.

ಈಗ ಒಂದು ಮಾತು ಹೇಳಿಬಿಡುತ್ತೇನೆ. ಹೂವಿಗೆ ಮಗು ಯಾರೆಂದೇ ಗೊತ್ತಿಲ್ಲ. ತಾಯಿ ಎಲ್ಲಿ ಹೋದಳು, ಯಾರ ಜೊತೆ ನಿಂತು ಮಾತಾಡಿದಳು, ಹೂವಿಗೆ ಗೊತ್ತಿಲ್ಲ. ಹೂವಿಗೆ ಗೊತ್ತಿರುವುದು ನನ್ನ ಕುಂಚ ಒಂದೇ. ಯಾರಾದರೂ ಅರ್ಧ ಗಳಿಗೆ ಯೋಚಿಸಿದ್ದರೂ ಇದು ಹೊಳೆಯುತ್ತಿತ್ತು. ಊರಿಗೆ ಊರೇ ಯೋಚಿಸಲಿಲ್ಲ. ಯೋಚಿಸಬೇಡಿ ಅನ್ನುವ ಹಾಗೆ ನಾನೂ ಮುಖ ಬಿಗಿದುಕೊಂಡು ಓಡಾಡಿದೆ, ಏಕೆಂದರೆ ನನಗೆ ಜನ ದಾರಿ ಬಿಡುತ್ತಿದ್ದದ್ದು ಆ ಕುಂಚಕ್ಕಾಗಿ. ನನ್ನ ಕಾಲದಲ್ಲಿ ಮೂರು ಮಕ್ಕಳು ಇಳಿದು ಹೋದರು. ಮೂರು ಸಲವೂ ಊರು ತಾಯಂದಿರ ಮುಖ ನೋಡಿತು. ಮೂರು ಸಲವೂ ನಾನು ನನ್ನ ಕಾಲ ಹೆಬ್ಬೆರಳು ನೋಡಿಕೊಂಡು ನಿಂತೆ.

ನಾಲ್ಕನೆಯದು ಈ ಹುಡುಗಿ.

ಅವಳ ಮನೆ ಊರಿನ ಮೇಲುಗಡೆ, ಗಾಳಿಗೆ ಎದುರಾಗಿದೆ. ಅವಳ ತಂದೆಯ ಮನೆಯ ಬಣ್ಣ ಕೆಂಪು, ಬೀಟ್‌ರೂಟ್ ಕೊಯ್ದ ಕೈಯ ಕೆಂಪು. ಅವಳ ಹೂ ಅರಳಿದ್ದು ಹಳದಿ. ತಿಳಿಹಳದಿಯೂ ಅಲ್ಲ, ನಿಂಬೆಹಣ್ಣಿನ ಹಳದಿ. ಊರಿನ ಯಾವ ಮನೆಯಲ್ಲೂ ಇಲ್ಲದ ಬಣ್ಣ. ಓದುವವನು ಮಲಗಿ ನೋಡಿದ, ಬಹಳ ಹೊತ್ತು ನೋಡಿದ, ಎದ್ದು ಶಾಲು ಕೊಡವಿಕೊಂಡ. ಚೌಕ ತಾಯಿಯದು ಎಂದ. ಬಣ್ಣದ ಮಾತು ಎತ್ತಲಿಲ್ಲ. ಒಂಬತ್ತನೆಯ ದಿನ ಮತ್ತೊಮ್ಮೆ ಓದುತ್ತೇನೆ ಎಂದಷ್ಟೇ ಹೇಳಿ ಹೊರಟುಹೋದ.

ಅಲ್ಲಿಂದ ಒಂಬತ್ತು ದಿನ ಎಣಿಕೆ. ಹಗಲೆಲ್ಲ ಹುಡುಗಿ ತನ್ನ ಹೂವಿನ ಪಕ್ಕದ ಚಪ್ಪಡಿಯ ಮೇಲೆ ಕೂರಬೇಕು. ಅವಳಿಗೆ ಯಾರೂ ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ, ಅನ್ನವನ್ನೂ ನೆಲಕ್ಕಿಟ್ಟು ಸರಿಯಬೇಕು. ತಾಯಿ ಆ ಒಂಬತ್ತು ದಿನ ಬಾಯಿ ತೆರೆಯುವಂತಿಲ್ಲ. ತಾಯಿ ಹೇಳುವುದನ್ನೆಲ್ಲ ಹೂವೇ ಹೇಳುತ್ತದಂತೆ. ತಂದೆ ಮಾತಾಡಬಹುದು, ಆದರೆ ಅವನು ಬೇಲಿಯ ಹತ್ತಿರ ನಿಂತು ಹೆಂಡತಿಯನ್ನು ನೋಡುತ್ತಿದ್ದನೇ ಹೊರತು ಏನೂ ಹೇಳಲಿಲ್ಲ.

ಇನ್ನೊಬ್ಬಳಿದ್ದಳು, ಬೆಂಕಿಯವಳು. ಕೊನೆಯ ಸಲ ಯಾರ ಮಗು ಇಳಿದು ಹೋಯಿತೋ ಆ ತಾಯಿಯೇ ಮುಂದಿನ ಗಡ್ಡೆಗೆ ನೀರು ಕಾಯಿಸಬೇಕು. ಇಂಥದ್ದಕ್ಕೆಲ್ಲ ನಮ್ಮೂರಿನವರ ತಲೆ ಚೆನ್ನಾಗಿ ಓಡುತ್ತದೆ. ಅವಳ ಮಗ ಇಳಿದು ಹೋಗಿ ಹನ್ನೊಂದು ವರ್ಷ. ಅವಳು ದಿನಕ್ಕೊಂದು ಹೊರೆ ಸೌದೆ ತಂದು ಹಂಡೆಯ ಪಕ್ಕ ಒಟ್ಟುತ್ತಿದ್ದಳು. ಸೌದೆ ಇಳಿಸುವಾಗ ನನ್ನನ್ನು ಒಮ್ಮೆ ನೋಡುತ್ತಿದ್ದಳು, ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದಳು.

ಎರಡನೆಯ ದಿನ ನಾನು ಹುಡುಗಿಯ ಹತ್ತಿರ ಹೋದೆ. ಹೂವನ್ನು ಪರೀಕ್ಷಿಸುವ ನೆಪ ನನಗಿತ್ತು. ಅವಳು ಮೊಣಕಾಲು ಅಪ್ಪಿಕೊಂಡು ಕೂತಿದ್ದಳು, ಮೂಗು ಸೋರುತ್ತಿತ್ತು. ನಾನು ಬಗ್ಗಿದ್ದೇ ತಡ, ಪಿಸುಗುಟ್ಟಿದಳು.

"ಅಜ್ಜಿ, ಇದು ಹಳದಿ ಆಗಿದ್ದು ನನ್ನಿಂದಾನಾ?"

ಯಾಕೆ ಹಾಗೆ ಕೇಳುತ್ತೀ ಎಂದೆ.

"ದಿನಾ ಅಕ್ಕಿ ತೊಳೆದ ನೀರು ಹಾಕ್ತಿದ್ದೆ. ಅಮ್ಮಂಗೆ ಹೇಳಿಲ್ಲ. ಬೇಗ ಹೂ ಬಿಡ್ಲಿ ಅಂತ."

ಬೇಗ ಹೂ ಬಿಟ್ಟರೆ ಬೇಗ ಹೆಸರು ಸಿಗುತ್ತದೆಂದು ಅವಳ ಆಸೆ. ಹೆಸರು ಏನೆಂದು ತಾನೇ ಆರಿಸಿಟ್ಟುಕೊಂಡಿದ್ದಳಂತೆ, ಅದನ್ನು ಮಾತ್ರ ನನಗೆ ಹೇಳಲಿಲ್ಲ. ಅಕ್ಕಿ ನೀರಿನಿಂದ ಬಣ್ಣ ಬದಲಾಗುವುದಿಲ್ಲ ಎಂದೆ. ಹಾಗಾದರೆ ಯಾವುದರಿಂದ ಎಂದಳು. ಗೊತ್ತಿದ್ದೂ ಹೇಳದೆ ಎದ್ದು ಬಂದೆ. ಆ ಮಗು ನನ್ನ ಕೈಯ ತಪ್ಪನ್ನು ತನ್ನದೆಂದು ಎರಡು ದಿನದಿಂದ ಹೊತ್ತುಕೊಂಡು ಕೂತಿತ್ತು.

ಅವತ್ತೇ ನಾನು ಹುಡುಕಲು ಶುರುಮಾಡಿದೆ. ಹಳದಿ ಎಲ್ಲಿಂದ ಬಂತು, ಈ ಹೂವಿನ ತಂದೆ ಯಾರು. ಬಾಗುಹೂವಿನ ಬೇರು ಹಿಡಿಯುವುದು ಸುಲಭವಲ್ಲ. ಎರಡು ಹೂ ಕೂಡಿದರೆ ಮೂರನೆಯದು ಎರಡನ್ನೂ ಹೋಲದೆ ಹುಟ್ಟುವುದುಂಟು. ಅಜ್ಜಿಯ ಬಣ್ಣ ಮೊಮ್ಮಗಳಲ್ಲಿ ಏಳುವುದುಂಟು. ಹೊರಗಿನದನ್ನು ನಂಬುವಂತಿಲ್ಲ. ನಾನು ಎಲೆಯ ಅಗಲ ಅಳೆದೆ, ಕಾಂಡದ ಮೇಲೆ ಎಲೆ ಕೂತ ಬಗೆ ನೋಡಿದೆ, ಮೂಗು ಹಚ್ಚಿ ಮೂಸಿದೆ. ಕೆಲವು ಮನೆಗಳ ಬಾಗುಹೂವಿಗೆ ಒದ್ದೆ ನಾಯಿಯ ವಾಸನೆ ಇರುತ್ತದೆ, ಆ ಮನೆಯವರೆದುರು ಹೇಳಬಾರದು ಅಷ್ಟೇ. ಕೊನೆಗೆ ಹುಡುಗಿಯ ಪಕ್ಕ ನಾನೂ ಅಂಗಾತ ಮಲಗಿ ಒಳಗೆ ಕಣ್ಣು ಹಾಯಿಸಿದೆ.

ಪ್ರತಿ ಎಸಳಿನ ಬುಡದಲ್ಲಿ ಒಂದು ಜೇನುಗುಳಿ ಇರುತ್ತದೆ, ಅದರಲ್ಲಿ ಒಂದು ಹನಿ. ನಮ್ಮೂರಿನ ಹೂಗಳಲ್ಲಿ ಆ ಗುಳಿ ಸಾಸಿವೆಯಂತೆ ದುಂಡಗಿರುತ್ತದೆ. ಈ ಹೂವಿನಲ್ಲಿ ಜೀರಿಗೆಯಂತೆ ಉದ್ದಕ್ಕಿತ್ತು, ಸುತ್ತ ಹಸಿರು ಗೆರೆ. ಮೂರನೆಯ ದಿನ, ನಾಲ್ಕನೆಯ ದಿನ ಮನೆಮನೆ ತಿರುಗಿ ಹೂಹೂವಿನ ಕೆಳಗೆ ಮಲಗಿದೆ. ಮುದುಕಿಗೆ ಅರಳುಮರಳು ಎಂದು ಜನ ಆಡಿಕೊಂಡರು. ಜೀರಿಗೆಯಂಥ ಗುಳಿ, ಹಸಿರು ಗೆರೆ ಒಂದೇ ಮನೆಯ ಹೂವಿನಲ್ಲಿತ್ತು. ಹೊರಗೆ ಕಂದು, ಒಳಗೆ ಅದು. ಆ ಮನೆ ಓದುವವನದು.

ಆಗ ನನಗೆ ಆ ಬೆಳಗು ನೆನಪಾಯಿತು. ಏಳು ವರ್ಷದ ಹಿಂದಿನ ವಸಂತ, ಹಿಮ ಬಿದ್ದಿದ್ದ ಬೆಳಗು. ಓದುವವನ ಮಗನಿಗೆ ಮೊದಲ ಮಗು ಹುಟ್ಟಿತ್ತು, ಅವರ ಮನೆಯ ಕೂಡಿಕೆ ಮುಗಿಸಿ ನೇರ ಈ ಹುಡುಗಿಯ ಮನೆಗೆ ಬಂದಿದ್ದೆ. ಬಟ್ಟಲಿನ ನೀರು ಹೆಪ್ಪುಗಟ್ಟಿತ್ತು. ಒಡೆದು ಕುಂಚ ಅದ್ದಲು ಬೆರಳು ಕೇಳಲಿಲ್ಲ. ಏನಾಗುತ್ತದೆ ಎಂದುಕೊಂಡು ಕುಂಚವನ್ನು ಸೆರಗಿಗೆ ಒರೆಸಿದೆ. ಇಷ್ಟೇ ನಡೆದದ್ದು. ಒಂದು ಚಿಟಿಕೆ ಪರಾಗ ಕೂದಲಲ್ಲಿ ಉಳಿಯಿತು.

ಐದನೆಯ ದಿನ ಮಧ್ಯಾಹ್ನ ಓದುವವನ ಮನೆಗೆ ಹೋದೆ. ಅವನು ಬಿಸಿಲಿಗೆ ಕೂತಿದ್ದ, ತೊಡೆಯ ಮೇಲೆ ಹಸುಗೂಸು. ಅವನ ಮಗನಿಗೆ ಎರಡನೆಯದು, ಹೆಣ್ಣು, ಇನ್ನೂ ತಿಂಗಳು ತುಂಬಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಹೆಪ್ಪುಗಟ್ಟಿದ ಬಟ್ಟಲು, ಸೆರಗು, ಗುಳಿ, ಗೆರೆ. ಅವನು ಕೂಸಿನ ಕಾಲ್ಬೆರಳನ್ನು ಮುಟ್ಟುತ್ತ ಕೇಳಿಸಿಕೊಂಡ. ಅವನಿಗೆ ಆಶ್ಚರ್ಯವಾಗಲಿಲ್ಲ.

"ಮೊದಲನೇ ದಿನಾನೇ ನೋಡಿದೆ," ಎಂದ. "ಮಲಗಿದ ತಕ್ಷಣ ಕಾಣ್ತು. ನಮ್ಮನೆ ಗೆರೆ ನನಗೆ ಗೊತ್ತಾಗಲ್ವಾ?"

ಅವತ್ತೇ ಮಗನನ್ನು ಕರೆದು ಕೇಳಿದ್ದನಂತೆ. ಮಗ ಆಣೆ ಹಾಕಿದನಂತೆ. ಆಣೆಯನ್ನು ನಂಬಿದೆಯಾ ಎಂದೆ. ನಂಬಿದ್ದರೆ ನಿದ್ದೆ ಬರುತ್ತಿತ್ತು ಎಂದ. ಕುಂಚದ ವಿಷಯ ಕೇಳಿ ಅವನ ಎದೆಯ ಮೇಲಿನ ಕಲ್ಲು ಇಳಿದಂತೆ ಕಂಡಿತು, ಒಂದು ಕ್ಷಣ ಕಣ್ಣು ಮುಚ್ಚಿಕೊಂಡ. ಹಾಗಾದರೆ ಊರಿಗೆ ಹೇಳಿಬಿಡೋಣ ಎಂದೆ. ಕಣ್ಣು ತೆರೆದ.

"ಹೇಳಿದ್ರೆ ಊರಿಗೆ ನಿನ್ನ ಕುಂಚ ಕಾಣಲ್ಲ. ನನ್ನ ಮಗ ಕಾಣ್ತಾನೆ."

ಅವನು ಹೇಳಿದ್ದು ಸುಳ್ಳಲ್ಲ. ಊರಿಗೆ ಒಂದು ಹೂವಿನ ತಂದೆ ಸಿಕ್ಕರೆ ಸಾಕು, ಅದೇ ಮಗುವಿನ ತಂದೆ. ಹುಡುಗಿ ಉಳಿದುಕೊಂಡರೂ ಅವಳ ತಾಯಿಯನ್ನು ಬದುಕಿರುವ ತನಕ ಬಾವಿಕಟ್ಟೆಯಿಂದ ಬಾವಿಕಟ್ಟೆಗೆ ಹರಿದು ತಿನ್ನುತ್ತಾರೆ. ಇನ್ನು ನಾಲ್ಕು ದಿನ, ಆಮೇಲೆ ಎಲ್ಲರೂ ಮರೆಯುತ್ತಾರೆ ಎಂದ ಅವನು. ಮರೆಯುವುದು ಹೌದು, ಮೂರು ಸಲ ಮರೆತದ್ದನ್ನು ನಾನೇ ಕಂಡಿದ್ದೆ. ಎದ್ದು ಹೊರಟವಳಿಗೆ, ಕೂಸಿನ ಕೂಡಿಕೆಗೆ ನಾಳೆ ಬರುತ್ತೀಯಲ್ಲ ಎಂದು ನೆನಪಿಸಿದ. ಅವರ ಮೊಗ್ಗಿಗೆ ಚೀಲ ಕಟ್ಟಿ ನಾಳೆಗೆ ಮೂರು ದಿನ ಆಗುತ್ತಿತ್ತು. ಬರುತ್ತೇನೆ ಎಂದೆ.

ಆ ವಸಂತ ಊರಿನಲ್ಲಿ ಹನ್ನೊಂದು ಮನೆಗಳಲ್ಲಿ ಹಸುಗೂಸುಗಳಿದ್ದವು. ಹನ್ನೊಂದು ಚೀಲಗಳು ಗಾಳಿಗೆ ಅಲ್ಲಾಡುತ್ತಿದ್ದವು. ಆರನೆಯ ದಿನ ಓದುವವನ ಪಕ್ಕದ ಮನೆಯಿಂದ ಶುರುಮಾಡಿದೆ. ಚೀಲ ಬಿಚ್ಚಿದೆ, ಪರಾಗ ಸವರಿದೆ, ಚೀಲ ಕಟ್ಟಿದೆ, ಕೆಂಪು ದಾರ ಕಟ್ಟಿದೆ. ಬಟ್ಟಲು ಮುಂದಿತ್ತು, ನೀರು ತಿಳಿಯಾಗಿತ್ತು. ಕುಂಚವನ್ನು ಬಟ್ಟಲಿನ ಮೇಲೆ ಹಿಡಿದೆ. ಆಮೇಲೆ ಕುಂಚವನ್ನು ತೊಳೆಯದೆ ಹಾಗೆಯೇ ಮಡಿಚಿದ ಎಲೆಯಲ್ಲಿಟ್ಟು ಮುಂದಿನ ಮನೆಗೆ, ಓದುವವನ ಮನೆಗೆ, ನಡೆದೆ. ಚೀಲ ಬಿಚ್ಚಿದೆ, ಪರಾಗ ಸವರಿದೆ, ಚೀಲ ಕಟ್ಟಿದೆ. ಆರನೆಯ ದಿನ ನಾಲ್ಕು ಮನೆ, ಏಳನೆಯ ದಿನ ನಾಲ್ಕು, ಎಂಟನೆಯ ದಿನ ಮೂರು. ಪ್ರತಿ ಮನೆಯಲ್ಲೂ ತಾಯಂದಿರು ನನಗೆ ಬಿಸಿ ಗಂಜಿ ಕೊಟ್ಟರು, ಕಾಲಿಗೆ ಬಿದ್ದರು. ನಾನು ಗಂಜಿ ಕುಡಿದೆ, ಆಶೀರ್ವಾದವನ್ನೂ ಮಾಡಿದೆ. ಪಾಪ ಮಾಡುವಾಗ ಹೊಟ್ಟೆ ಹಸಿಯುವುದಿಲ್ಲ ಎಂದುಕೊಂಡಿದ್ದೆ, ಹಸಿಯುತ್ತದೆ.

ಒಂಬತ್ತನೆಯ ದಿನ ಬೆಳಗ್ಗೆ ಊರೆಲ್ಲ ಸೇರಿತು. ಹಂಡೆಯ ನೀರು ಕುದಿಯುತ್ತಿತ್ತು. ಹಳದಿ ಹೂವಿನ ಎಸಳಂಚು ಒಣಗಲು ಶುರುವಾಗಿತ್ತು. ಹುಡುಗಿಗೆ ದಾರಿಗೆಂದು ಹೊಸ ಕಂಬಳಿ ಹೊದಿಸಿದ್ದರು, ಅವಳ ತಾಯಿ ಅದರ ಗಂಟನ್ನು ಬಿಚ್ಚುತ್ತ ಕಟ್ಟುತ್ತ ನಿಂತಿದ್ದಳು. ಓದುವವನು ಶಾಲು ಸರಿಪಡಿಸಿಕೊಂಡು ಮುಂದೆ ಬರುವಷ್ಟರಲ್ಲಿ ನಾನು ಹೂವಿಗೂ ಅವನಿಗೂ ನಡುವೆ ನಿಂತೆ.

ಏಳು ವರ್ಷದ ಹಿಂದೆ ಈ ಮನೆಯ ಕೂಡಿಕೆಯ ದಿನ ಕುಂಚ ತೊಳೆದಿರಲಿಲ್ಲ ಎಂದೆ. ತಪ್ಪು ತಾಯಿಯದಲ್ಲ, ನನ್ನ ಕೈಯದು ಎಂದೆ.

ಗುಂಪು ಸ್ವಲ್ಪ ಅಲ್ಲಾಡಿ ಮತ್ತೆ ನಿಂತಿತು. ಯಾರ ಮನೆಯ ಪರಾಗ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಓದುವವನು ನೆಲ ನೋಡುತ್ತಿದ್ದ. ಆಗ ಒಬ್ಬ ಹಿರಿಯ ಬಹಳ ಮೆತ್ತಗೆ, ಅಜ್ಜಿಯ ಮನಸ್ಸು ಬೆಣ್ಣೆ, ಮಗುವಿನ ಮೇಲಿನ ಮರುಕಕ್ಕೆ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾಳೆ ಎಂದ. ಎಲ್ಲರೂ ತಲೆಯಾಡಿಸಿದರು. ನಾನು ಜೀವಮಾನದಲ್ಲಿ ಮೊದಲ ಸಲ ಊರೆದುರು ನಿಜ ಹೇಳಿದ್ದೆ, ಅದಕ್ಕೆ ಅವರು ನನ್ನನ್ನು ಮೆಚ್ಚಿಕೊಂಡು ಪಕ್ಕಕ್ಕೆ ಸರಿಯಲು ಹೇಳಿದರು.

"ಸರೀತೀನಿ," ಎಂದೆ. "ಇನ್ನೊಂದು ಮಾತು ಕೇಳಿ. ಈ ವರ್ಷ ಹನ್ನೊಂದು ಕೂಸುಗಳ ಹೂ ಕೂಡಿಸಿದೀನಿ. ಹನ್ನೊಂದಕ್ಕೂ ಇದೇ ಕುಂಚ. ಒಂದು ಸಲಾನೂ ತೊಳೆದಿಲ್ಲ."

ಕುಂಚವನ್ನು ಎಲೆಯಿಂದ ತೆಗೆದು ಎತ್ತಿ ಹಿಡಿದೆ. ಅದರ ಕೂದಲು ಗಟ್ಟಿಯಾಗಿ, ಮನೆಮನೆಯ ಪರಾಗ ಕೂತು ಯಾವ ಬಣ್ಣವೆಂದು ಹೇಳಲಾಗದ ಹಾಗಾಗಿತ್ತು.

"ಏಳು ವರ್ಷ ಆದ್ಮೇಲೆ ಆ ಹನ್ನೊಂದು ಹೂ ಯಾವ ಬಣ್ಣ ಬರುತ್ತೋ ನನಗೂ ಗೊತ್ತಿಲ್ಲ. ಅವತ್ತು ನಿಮ್ಮ ಮಕ್ಕಳು ಈ ಚಪ್ಪಡಿ ಮೇಲೆ ಕೂತಿರ್ತಾರೆ. ಅವರಿಗೆ ಏನಾಗ್ಬೇಕು ಅಂತೀರೋ ಅದನ್ನೇ ಇವತ್ತು ಇವಳಿಗೆ ಮಾಡಿ."

ಗುಂಪಿನಲ್ಲಿ ಅಲ್ಲೊಬ್ಬಳು ಇಲ್ಲೊಬ್ಬಳು ತಾಯಿ ಕಂಕುಳಿನ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಗಂಡಸರು ಹೆಂಡಂದಿರ ಮುಖ ನೋಡಿದರು, ಆಮೇಲೆ ನೋಡಿದ್ದಕ್ಕೆ ನಾಚಿ ಬೇರೆ ಕಡೆ ತಿರುಗಿದರು. ನನ್ನನ್ನು ಹಂಡೆಗೆ ಹಾಕಿಬಿಡಿ ಎಂದು ಯಾರಾದರೂ ಕೂಗಬಹುದೆಂದು ಕಾದೆ.

ಓದುವವನು ನನ್ನನ್ನು ದಾಟಿ ಹೋದ. ಗಂಭೀರವಾಗಿಯೇ ಕೆಸರಿನಲ್ಲಿ ಕೂತು, ಬೆನ್ನು ಹಚ್ಚಿ, ಹೂವಿನ ಕೆಳಗೆ ತಲೆ ತಂದುಕೊಂಡು ಮಲಗಿದ. ಮೊದಲ ದಿನದಷ್ಟೇ ಹೊತ್ತು ಮಲಗಿದ್ದ. ಅವನ ಸೊಸೆ ಕೂಸನ್ನು ಎದೆಗೊತ್ತಿಕೊಂಡು ಗುಂಪಿನ ಮುಂದೆಯೇ ನಿಂತಿದ್ದಳು.

"ಚೌಕ ತಾಯಿಯದು," ಎಂದ ಕೆಳಗಿನಿಂದ.

ಏಳದೆ, ಮಲಗಿದಲ್ಲಿಂದಲೇ ಮುಂದುವರಿಸಿದ.

"ಬಣ್ಣ ತಂದೆಯದು."

ನಿಂಬೆಹಣ್ಣಿನ ಹಳದಿ ಎಲ್ಲರ ಕಣ್ಣೆದುರಿಗೇ ತೂಗುತ್ತಿತ್ತು. ಅದು ಕೆಂಪೆಂದು ಊರಿಗೆ ಊರೇ ಒಪ್ಪಿತು. ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಹುಡುಗಿಯ ತಂದೆ ಬೇಲಿ ಬಿಟ್ಟು ಬಂದು ಅವಳ ಕೈ ಹಿಡಿದ. ಅವಳು ತಾನು ಆರಿಸಿಟ್ಟುಕೊಂಡಿದ್ದ ಹೆಸರನ್ನು ಅವನ ಕಿವಿಯಲ್ಲಿ ಹೇಳಿದಳು, ಅವನು ಅದನ್ನು ಮೂರು ಸಲ ಕೂಗಿದ. ತಾಯಿ ಕಂಬಳಿಯ ಗಂಟು ಬಿಚ್ಚಿ, ಅದನ್ನು ಗಂಡನ ಕೈಗೆ ಕೊಡದೆ ನೆಲಕ್ಕಿಟ್ಟು, ಮಗಳನ್ನು ಎತ್ತಿಕೊಂಡಳು.

ನನಗೆ ಅಳು ಬಂತು. ಖುಷಿಯ ಅಳುವೇ. ಒಂದು ಮಗು ಉಳಿಯಿತು, ಅದನ್ನು ನಾನು ಉಳಿಸಿದೆ ಎಂದು ಎದೆ ಉಬ್ಬಿತು. ಮುಚ್ಚಿಡುವುದೇಕೆ, ಉಬ್ಬಿದ್ದು ಹೌದು. ಜನ ಚದುರಿದರು. ಕೆಲವರು ನನ್ನನ್ನು ನೋಡಿ ದಾರಿ ಬದಲಿಸಿದರು, ಒಬ್ಬಿಬ್ಬರು ಕೈ ಮುಗಿದರು. ನಾನು ಮೂಗು ಒರೆಸಿಕೊಂಡು ಹಂಡೆಯ ಹತ್ತಿರದ ಕಲ್ಲಿನ ಮೇಲೆ ಕುಸಿದು ಕೂತೆ.

ಬೆಂಕಿಯವಳು ಉರಿಯುವ ಸೌದೆಗಳನ್ನು ಒಂದೊಂದಾಗಿ ಈಚೆಗೆಳೆದು ಮಣ್ಣು ಹಾಕುತ್ತಿದ್ದಳು. ಅವಳಿಗೂ ಸಮಾಧಾನವಾಗಿರಬೇಕು ಎಂದುಕೊಂಡೆ. ಇನ್ನು ಈ ನೀರು ಕಾಯಿಸುವ ಕೆಲಸ ನಿನಗೆ ಬೀಳುವುದಿಲ್ಲ, ಇನ್ನು ಯಾರಿಗೂ ಬೀಳುವುದಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನನ್ನ ಮಗನ ಕೂಡಿಕೆ ದಿನ ಚೀಲದ ಒಳಗಿಂದ ಒಂದು ದುಂಬಿ ಬಂತು," ಎಂದಳು. "ನೀನು ಬಿಚ್ಚಿದಾಗ. ನಿನ್ನ ಕೈಮೇಲೆ ಒಂದು ಗಳಿಗೆ ಕೂತು ಹಾರಿಹೋಯ್ತು."

ನಾನು ಅವಳನ್ನೇ ನೋಡಿದೆ. ಚೀಲದ ಹೊಲಿಗೆ ಬಿಟ್ಟಿದ್ದನ್ನು ನಾನೊಬ್ಬಳೇ ಕಂಡಿದ್ದೇನೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅವಳು ಅವತ್ತು ಬಾಗಿಲಲ್ಲಿ ನಿಂತಿದ್ದಳು, ಕೂಸಿಗೆ ಹಾಲು ಕೊಡುತ್ತ.

"ಹೂ ನೀಲಿ ಬಂದಾಗ ನನಗೆ ಭಯ ಆಗ್ಲಿಲ್ಲ. ನೀನು ಹೇಳ್ತೀಯ ಅಂತ ಗೊತ್ತಿತ್ತು. ಒಂಬತ್ತು ದಿನಾನೂ ನಿನ್ನ ಮುಖಾನೇ ನೋಡ್ತಿದ್ದೆ." ಕೊನೆಯ ಕೊಳ್ಳಿಯ ಮೇಲೆ ಮಣ್ಣು ಸುರಿದಳು. "ನಾನು ಮಾತಾಡೋ ಹಾಗಿರ್ಲಿಲ್ಲ. ನೀನು ಮಾತಾಡ್ಬಹುದಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಏನಾದರೂ ಹೇಳಿಕೊಳ್ಳುತ್ತಿದ್ದೆ. ಅವಳು ಹಂಡೆಯ ಒಂದು ಕಿವಿಗೆ ಬಟ್ಟೆ ಸುತ್ತಿ ಹಿಡಿದು, ಇನ್ನೊಂದನ್ನು ಹಿಡಿಯುವಂತೆ ನನಗೆ ಸನ್ನೆ ಮಾಡಿದಳು. ನಾನು ಎದ್ದು ಹಿಡಿದೆ. ಅಷ್ಟು ನೀರನ್ನು ಇಬ್ಬರೂ ಸೇರಿ ಕೆಳಬಾಗಿಲಿನ ಕಡೆಗೆ ಚೆಲ್ಲಿದೆವು. ಅದು ಹಬೆಯಾಡುತ್ತ ಇಳಿಜಾರಿನಲ್ಲಿ ಹರಿದು ಮಂಜಿನೊಳಕ್ಕೆ ಹೋಯಿತು. ಅವಳ ಮಗ ಇಳಿದು ಹೋದ ದಾರಿಯೂ ಅದೇ. ಅವಳು ಅತ್ತ ನೋಡುತ್ತ ನಿಂತಳು, ನಾನು ಅವಳ ಪಕ್ಕದಲ್ಲಿ ನಿಂತೆ, ಅವಳು ನನ್ನನ್ನು ಹೋಗೆನ್ನಲೂ ಇಲ್ಲ, ಇರೆನ್ನಲೂ ಇಲ್ಲ.